ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಇಂಟರ್ವ್ಯೂಗೆ ಧೈರ್ಯ ತಂದುಕೊಳ್ಳೋದು ಹೇಗೆ?

ಖಿನ್ನತೆಗೆ ಎಂಟು ತಿಂಗಳಿಂದ ಚಿಕಿತ್ಸೆ ತೆಗೆದುಕೊಳ್ಳುತ್ತಿದ್ದೀರಿ, ಈಗ ಪರವಾಗಿಲ್ಲ, ಮುಂದಿನ ವಾರ ಮೈಸೂರಿನಲ್ಲಿ ಇಂಟರ್ವ್ಯೂ ಇದೆ, ನೆನೆಸಿಕೊಂಡರೇ ಕೈ ನಡುಗುತ್ತೆ ಅಂತ ಬರೆದಿದ್ದೀರಿ. ನಾನು ಮಂಡ್ಯದವನು. ನನಗಿರುವುದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ತೀರಾ ಕುಸಿಯುವ ಕಾಯಿಲೆ. ಕಾಯಿಲೆ ಬೇರೆ ಇರಬಹುದು, ಕೈ ನಡುಗುವ ವಿಷಯದಲ್ಲಿ ಮಾತ್ರ ನಾನು ನಿಮಗಿಂತ ಸೀನಿಯರ್.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ಎರಡು ವರ್ಷ ಮನೆಯಲ್ಲೇ ಇದ್ದು ಮೊದಲ ಇಂಟರ್ವ್ಯೂಗೆ ಹೊರಟಿದ್ದೆ. ರಾತ್ರಿ ಮಾತ್ರೆ ನುಂಗಿದರೆ ಬೆಳಿಗ್ಗೆ ಮಂಕು ಹಿಡಿಯುತ್ತಲ್ಲ, ಅದಕ್ಕೇ ಅವತ್ತೊಂದು ದಿನ ಬೇಡ ಅಂತ ಬಿಟ್ಟೆ. ಚುರುಕಾಗಿರೋಣ ಅಂತ ಲೆಕ್ಕ. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ. ಬೆಳಗಿನ ರೈಲು ಪಾಂಡವಪುರ ದಾಟುವಷ್ಟರಲ್ಲಿ ತಲೆಯೊಳಗೆ ಜೇನುಹುಳ ಎದ್ದ ಹಾಗೆ. ಆರು ವರ್ಷ ಟ್ಯಾಲಿ ಅನ್ನುವ ಅಕೌಂಟ್ಸ್ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡಿದವನು, 'ಟ್ಯಾಲಿ ಬರುತ್ತಾ?' ಅಂದರೆ 'ಸ್ವಲ್ಪ' ಅಂದೆ. ಡಾಕ್ಟರಿಗೆ ಹೇಳಿದಾಗ ಚೆನ್ನಾಗಿ ಬೈದರು. ಆಮೇಲೆ ಮಾತ್ರೆಯ ಹೊತ್ತನ್ನು ರಾತ್ರಿ ಹತ್ತರಿಂದ ಎಂಟಕ್ಕೆ ತಂದರು, ಅಷ್ಟೇ. ಅರ್ಧ ಮಂಕು ಹೋಯಿತು. ಇಷ್ಟು ಸುಲಭದ ವಿಷಯ ನಾನು ಮೊದಲೇ ಕೇಳಿರಲಿಲ್ಲ. ನಿಮಗೂ ತೂಕಡಿಕೆ ಇದ್ದರೆ ಈ ವಾರವೇ ಅವರಿಗೆ ಹೇಳಿ. ನೀವೇ ಕತ್ತರಿ ಹಾಕಬೇಡಿ.

ಇನ್ನು ಕೈ. ನನ್ನದು ಲಿಥಿಯಂ ಮಾತ್ರೆಯ ನಡುಕ, ಕಾಫಿ ಜಾಸ್ತಿಯಾದರೆ ಅದೂ ಜಾಸ್ತಿ. ನಿಮ್ಮದು ಹೆದರಿಕೆಯದೋ ಮಾತ್ರೆಯದೋ ಡಾಕ್ಟರನ್ನೇ ಕೇಳಿ. ಅಲ್ಲಿಯವರೆಗೆ ಒಂದು ಉಪಾಯ. ಬಿಡಿ ಕಾಗದ ಕೈಯಲ್ಲಿ ಹಿಡಿಯಬೇಡಿ, ಪಟಪಟ ಅಂತ ಅದೇ ಎಲ್ಲರಿಗೂ ಸಾರುತ್ತೆ. ಎಲ್ಲವನ್ನೂ ಗಟ್ಟಿ ರಟ್ಟಿನ ಫೈಲಿಗೆ ಹಾಕಿ, ಟೇಬಲ್ ಮೇಲಿಟ್ಟು ಅವರ ಕಡೆ ತಿರುಗಿಸಿ.

ಶರ್ಟನ್ನು ಇವತ್ತೇ ಹಾಕಿ ನೋಡಿ. ಮಾತ್ರೆಯಿಂದ ನಾನು ದಪ್ಪಗಾಗಿದ್ದೆ, ಹಳೇ ಶರ್ಟಿನ ಹೊಟ್ಟೆ ಹತ್ತಿರದ ಗುಂಡಿ ಕೂರುತ್ತಲೇ ಇರಲಿಲ್ಲ. ಅದು ಗೊತ್ತಾಗಿದ್ದು ಹೊರಡುವ ಹೊತ್ತಿಗೆ. ಆಮೇಲೆ ಪೇಟೆ ಬೀದಿಯಲ್ಲಿ ಒಂದು ಸೈಜ್ ದೊಡ್ಡದು ತಂದೆ.

ನಿಮ್ಮ ನಿಜವಾದ ಹೆದರಿಕೆ ಅದಲ್ಲ, ಅಲ್ವಾ? 'ಈ ಗ್ಯಾಪ್ ಯಾಕೆ?' ಅನ್ನುವ ಪ್ರಶ್ನೆ. ನನ್ನ ಸೋದರಮಾವ ಸಕ್ಕರೆ ಕಾರ್ಖಾನೆಯಲ್ಲಿ ಕ್ಲರ್ಕ್ ಆಗಿ ರಿಟೈರ್ ಆದವರು. ದಿನಾ 'ಏನ್ಲಾ' ಅನ್ನೋರು, ಸಂಜೆ ಜಗುಲಿ ಮೇಲೆ ಕನ್ನಡಕ ಏರಿಸಿಕೊಂಡು, ಇಂಟರ್ವ್ಯೂ ಮಾಡುವವರ ಹಾಗೆ 'ಬನ್ನಿ, ಕೂತ್ಕೊಳ್ಳಿ, ಎರಡು ವರ್ಷ ಏನು ಮಾಡ್ತಿದ್ರಿ?' ಅಂತ ಶುರು ಮಾಡೋರು. ಮೊದಲ ದಿನ ನಾನು ಆಸ್ಪತ್ರೆ, ಜಗಳ, ಸಾಲ ಎಲ್ಲ ಹೇಳಿ ಕಣ್ಣಲ್ಲಿ ನೀರು ತಂದುಕೊಂಡೆ. ಮಾವ ಕನ್ನಡಕ ತೆಗೆದು, 'ಇಷ್ಟೊಂದು ಯಾಕ್ಲಾ ಹೇಳ್ತೀಯಾ, ಅವರೇನು ನೆಂಟರಾ?' ಅಂದರು. ಉಜ್ಜಿ ಉಜ್ಜಿ ಕೊನೆಗೆ ಉಳಿದದ್ದು ಇಷ್ಟು: 'ಆರೋಗ್ಯ ಸರಿಯಿರಲಿಲ್ಲ, ಚಿಕಿತ್ಸೆ ತೆಗೆದುಕೊಂಡೆ. ಈಗ ಕೆಲಸಕ್ಕೆ ತಯಾರಿದ್ದೇನೆ, ಆರು ತಿಂಗಳಿಂದ ಮತ್ತೆ ಅಕೌಂಟ್ಸ್ ಅಭ್ಯಾಸ ಮಾಡ್ತಿದ್ದೇನೆ.' ಇದನ್ನು ಎಷ್ಟು ಸಲ ಹೇಳಿದೆನೆಂದರೆ ನನಗೇ ಬೇಜಾರು ಬಂತು. ಬೇಜಾರು ಬರುವ ತನಕ ಹೇಳಿ, ಆಗ ಗಂಟಲು ಕಟ್ಟುವುದಿಲ್ಲ.

ಕಾಯಿಲೆಯ ಹೆಸರು ಹೇಳಬೇಕೋ ಬೇಡವೋ ನಿಮಗೆ ಬಿಟ್ಟಿದ್ದು. ನಾನು ಹೇಳಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ಚಿಕಿತ್ಸೆಯ ವಿಷಯವನ್ನು ಡಾಕ್ಟರು ಗುಟ್ಟಾಗಿ ಇಡಲೇಬೇಕು. ಆದರೆ ಕಂಪನಿಯವರು ಆರೋಗ್ಯದ ಫಾರಂ ಕೊಟ್ಟು ಬರವಣಿಗೆಯಲ್ಲಿ ಕೇಳಿದರೆ ಸುಳ್ಳು ಬರೆಯಬೇಡಿ. ಆಮೇಲೆ ಅದೇ ಕುತ್ತಿಗೆಗೆ ಬರುತ್ತೆ.

ಆ 'ಅಭ್ಯಾಸ ಮಾಡ್ತಿದ್ದೇನೆ' ಅನ್ನುವ ಮಾತು ನಿಜವಾಗಿರಬೇಕು, ಅದೊಂದೇ ಷರತ್ತು. ನಾನು ಮನೆಯಲ್ಲಿದ್ದಾಗಲೇ, 2023ರ ಆಗಸ್ಟಿನಿಂದ, ಇ-ಇನ್‌ವಾಯ್ಸ್, ಅಂದರೆ ಜಿಎಸ್‌ಟಿ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು, ವರ್ಷಕ್ಕೆ 5 ಕೋಟಿ ಮೇಲೆ ವಹಿವಾಟಿರುವವರಿಗೂ ಕಡ್ಡಾಯವಾಗಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ದಿನಕ್ಕೊಂದು ಗಂಟೆ ಕೂತು ಕಲಿತೆ. ನನಗೆ ಧೈರ್ಯ ಬಂದಿದ್ದರೆ ಜಾಸ್ತಿ ಅದರಿಂದಲೇ. ಕನ್ನಡಿ ಮುಂದೆ ನಿಂತು 'ನಾನು ಮಾಡಬಲ್ಲೆ' ಅಂದುಕೊಳ್ಳುವುದನ್ನೂ ಮಾಡಿ ನೋಡಿದ್ದೆ, ಸುಮ್ನೆ ನಗು ಬರುತ್ತಿತ್ತು.

ರಾತ್ರಿ ತೀರಾ ಕಷ್ಟವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡಿಲ್ಲ, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ನನ್ನ ಮೂರನೇ ಇಂಟರ್ವ್ಯೂ ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿತ್ತು. ಹಿಂದಿನ ದಿನವೇ ಹೋಗಿ ಗೇಟು ನೋಡಿ, ಎದುರಿನ ಪೆಟ್ಟಿಗೆ ಅಂಗಡಿಯಲ್ಲಿ ಟೀ ಕುಡಿದು ಬಂದಿದ್ದೆ. ಗ್ಯಾಪ್ ಬಗ್ಗೆ ಕೇಳಿದರು. ನನ್ನ ಎರಡು ವಾಕ್ಯ ಹೇಳಿದೆ. ಅವರು ತಲೆಯನ್ನೂ ಎತ್ತಲಿಲ್ಲ, 'ಸರಿ, ಜಿಎಸ್‌ಟಿ ರಿಟರ್ನ್ ನೀವೇ ಫೈಲ್ ಮಾಡ್ತಿದ್ರಾ?' ಅಂದರು. ಎರಡು ವರ್ಷ ಹೆದರಿದ್ದು ಅಷ್ಟಕ್ಕೆ ಮುಗಿಯಿತು.

ಅಂದಹಾಗೆ, ನಿಮ್ಮದು ಎಷ್ಟು ಗಂಟೆಗೆ? ಬೆಳಿಗ್ಗೆ ಕಷ್ಟ ಅನ್ನಿಸಿದರೆ ಫೋನ್ ಮಾಡಿ ಹೊತ್ತು ಬದಲಾಯಿಸಲು ಕೇಳಿ. ನಾನು ಕೇಳಿದ್ದಕ್ಕೆ 'ಎರಡು ಗಂಟೆಗೆ ಬನ್ನಿ' ಅಂದಿದ್ದರು.