ಡಬ್ಬಿ ಹುಡುಕುತ್ತಾ ಲಂಡನ್ನಿನ ಹಳೇ ಚರ್ಚ್‌ಗಳಿಗೆ

ಪ್ರಶ್ನೆ: ನಾನು ನಿವೃತ್ತ ಗಣಿತ ಮೇಷ್ಟ್ರು. ಮಗನ ಮನೆಗೆಂದು ಲಂಡನ್ನಿಗೆ ಬಂದಿದ್ದೇವೆ. ನನಗೆ ಹಳೇ ಕಟ್ಟಡ ಅಂದರೆ ಪ್ರಾಣ, ಆದರೆ 11 ವರ್ಷದ ಮೊಮ್ಮಗಳಿಗೆ ಎರಡನೇ ಚರ್ಚ್‌ಗೇ ಬೇಜಾರು. ಫೋನ್ ಹಿಡಿದು, ಯಾರೋ ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಆಡೋಣ ತಾತ ಅಂತಾಳೆ. ಎರಡನ್ನೂ ಸೇರಿಸಬಹುದೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಖಂಡಿತ ಸೇರಿಸಬಹುದು ಮೇಷ್ಟ್ರೇ. ಚರ್ಚ್‌ಗಳ ಹತ್ತಿರವೇ ಡಬ್ಬಿ ಇಡುವ 'ಚರ್ಚ್ ಮೈಕ್ರೋ' ಅನ್ನುವ ದೊಡ್ಡ ಸರಣಿಯೇ ಬ್ರಿಟನ್ನಿನಲ್ಲಿದೆ. ಎಷ್ಟೋ ಕಡೆ ಡಬ್ಬಿಯ ಜಾಗ ನೇರವಾಗಿ ಸಿಗುವುದಿಲ್ಲ. ಬಾಗಿಲ ಮೇಲೆ ಕೆತ್ತಿದ ಇಸವಿ, ಫಲಕದಲ್ಲಿರುವ ಅಂಕಿ ಓದಿ, ಕೂಡಿ ಕಳೆದು, ಅಕ್ಷಾಂಶ ರೇಖಾಂಶ ನೀವೇ ಕಂಡುಹಿಡಿಯಬೇಕು. ನಿಮ್ಮಿಬ್ಬರಿಗೂ ಹೇಳಿ ಮಾಡಿಸಿದ ಆಟ ಅಲ್ವಾ? ಸುಮ್ನೆ 'ನೋಡು' ಅಂದರೆ ನೋಡದ ಮಗು, ಅಂಕಿ ಬೇಕು ಅಂದಾಗ ಕಲ್ಲು ಕಲ್ಲನ್ನೂ ನೋಡುತ್ತದೆ.

ಟವರ್ ಹಿಲ್ ಸ್ಟೇಷನ್‌ನಿಂದ ಶುರು ಮಾಡಿ. ಪಕ್ಕದಲ್ಲೇ ಆಲ್ ಹ್ಯಾಲೋಸ್ ಚರ್ಚ್. 1940ರ ಬಾಂಬ್ ದಾಳಿಯಲ್ಲಿ ಗೋಡೆ ಬಿದ್ದಾಗ ಒಳಗಿದ್ದ ಸ್ಯಾಕ್ಸನ್ ಕಾಲದ ಕಮಾನು ಕಾಣಿಸಿಕೊಂಡಿತು, ಅದನ್ನು ಕಟ್ಟಿದವರು ಅದಕ್ಕೂ ಹಿಂದಿನ ರೋಮನ್ ಹೆಂಚುಗಳನ್ನೇ ಬಳಸಿದ್ದರು! ಅಲ್ಲಿಂದ ನಾಲ್ಕು ಹೆಜ್ಜೆಗೆ ಸೇಂಟ್ ಒಲಾವ್. 1658ರ ಅದರ ಗೇಟಿನ ಮೇಲೆ ಕಲ್ಲಿನ ತಲೆಬುರುಡೆಗಳಿವೆ, ಮೊಮ್ಮಗಳು ಅಲ್ಲಿಂದ ಬೇಗ ಕದಲುವುದಿಲ್ಲ ನೋಡಿ.

ಆಮೇಲೆ ಸೇಂಟ್ ಡನ್‌ಸ್ಟನ್ ಇನ್ ದಿ ಈಸ್ಟ್. ಇಲ್ಲಿ ಜಾಸ್ತಿ ಹೊತ್ತು ಕೂರಿ. 1941ರಲ್ಲಿ ಬಾಂಬ್ ಬಿದ್ದ ಮೇಲೆ ಚರ್ಚನ್ನು ಮತ್ತೆ ಕಟ್ಟಲಿಲ್ಲ, 1971ರಿಂದ ಅದು ತೋಟ. ಚಾವಣಿ ಇಲ್ಲ, ಚೂಪು ಕಮಾನಿನ ಕಿಟಕಿಗಳಲ್ಲಿ ಗಾಜಿನ ಬದಲು ಬಳ್ಳಿ. ಗೋಪುರ ಮಾತ್ರ ಗಟ್ಟಿಯಾಗಿ ನಿಂತಿದೆ, ಅದು ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ಕಟ್ಟಿಸಿದ್ದು. 1666ರಲ್ಲಿ ಲಂಡನ್ನಿಗೆ ಬಿದ್ದ ಮಹಾ ಬೆಂಕಿಯಲ್ಲಿ ಎಂಬತ್ತಕ್ಕೂ ಹೆಚ್ಚು ಚರ್ಚ್‌ಗಳು ಸುಟ್ಟುಹೋದಾಗ, ಅವುಗಳಲ್ಲಿ ಐವತ್ತರಷ್ಟನ್ನು ಮತ್ತೆ ಕಟ್ಟಿಸಿದ ಮಹಾನುಭಾವ ಅವರು.

ಕೊನೆಗೆ ಬ್ಯಾಂಕ್ ಸ್ಟೇಷನ್ ಹತ್ತಿರದ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್. ನನಗೆ ಇಡೀ ಊರಲ್ಲಿ ತುಂಬಾ ಇಷ್ಟವಾದ ಜಾಗ ಇದು. ಹೊರಗಿನಿಂದ ಏನೂ ಅನ್ನಿಸುವುದಿಲ್ಲ, ಒಳಗೆ ಹೋದರೆ ಎಂಟು ಕಮಾನುಗಳ ಮೇಲೆ ಕೂತ ಗುಮ್ಮಟ, ಬಣ್ಣದ ಗಾಜಿನ ಆರ್ಭಟ ಇಲ್ಲದೆ ಬೆಳಕು ಹಾಗೇ ಒಳಗೆ ಇಳಿಯುತ್ತದೆ. ರೆನ್ ತಮ್ಮ ಹೆಸರಾಂತ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನ ದೊಡ್ಡ ಗುಮ್ಮಟ ಎಬ್ಬಿಸುವ ಮೊದಲೇ, 1670ರ ದಶಕದಲ್ಲಿ ಇದನ್ನು ಕಟ್ಟಿಸಿದರು. ಕಮಾನು ಎಷ್ಟು ಅಂತ ಮಗುವೇ ಎಣಿಸಲಿ, ನೀವು ಹೇಳಬೇಡಿ.

ನಾಲ್ಕೂ ಸೇರಿ ಎರಡು ಕಿಲೋಮೀಟರ್ ನಡಿಗೆಯೂ ಆಗುವುದಿಲ್ಲ. ವಾರದ ದಿನ ಹೋಗಿ, ಶನಿವಾರ ಭಾನುವಾರ ಈ ಭಾಗದ ಎಷ್ಟೋ ಚರ್ಚ್‌ಗಳ ಬಾಗಿಲು ಮುಚ್ಚಿರುತ್ತದೆ. ಡಬ್ಬಿಗಳು ಬರುತ್ತಿರುತ್ತವೆ, ಹೋಗುತ್ತಿರುತ್ತವೆ, ಹಾಗಾಗಿ ಹೊರಡುವ ಮುಂಚೆ ಆಪ್‌ನಲ್ಲಿ ದಾರಿಯಲ್ಲಿ ಯಾವುದಿದೆ ಅಂತ ನೋಡಿಕೊಳ್ಳಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಗುರುತು ಹತ್ತಿಪ್ಪತ್ತು ಮೀಟರ್ ಆಚೀಚೆ ಕುಣಿಯುತ್ತದೆ. ನನ್ನ ಮೊದಲ ಡಬ್ಬಿಗೆ ಮುಕ್ಕಾಲು ಗಂಟೆ ಹಿಡಿಯಿತು, ಫೋನ್ ಜೇಬಿಗಿಟ್ಟು ಸುಳಿವನ್ನು ಸರಿಯಾಗಿ ಓದಿದ ಮೇಲೇ ಸಿಕ್ಕಿದ್ದು. ಪ್ರಾರ್ಥನೆ ನಡೆಯುವ ಕಡೆ, ಸಮಾಧಿಗಳ ಮೇಲೆ ಕೈಯಾಡಿಸಿ ಹುಡುಕಬೇಡಿ. ಸಿಕ್ಕ ಡಬ್ಬಿಯನ್ನು ಇದ್ದಲ್ಲೇ ಇಡಿ. ಪೆನ್ ತಗೊಂಡು ಹೋಗಿ, ಪುಟಾಣಿ ಡಬ್ಬಿಯಲ್ಲಿ ಹೆಸರು ಬರೆಯಲು ಚೀಟಿ ಇರುತ್ತದೆ, ಪೆನ್ ಇರುವುದಿಲ್ಲ.