ಕ್ರಾಮ್‌ವೆಲ್‌ನನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ

ಪ್ರಿಯ ಲೇಖಕರೇ,

ನಿಮ್ಮ ‘ದೊರೆಯಿಲ್ಲದ ವರ್ಷ’ ಕಥೆ ಓದಿದೆ. ಈಗಿರುವ ರೂಪದಲ್ಲಿ ಹಾಕಿಕೊಳ್ಳಲಾರೆವು. ಆದರೆ ವಿಷಾದಪತ್ರ ಕಳಿಸಿ ಕೈತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ಅದಕ್ಕೆ ಕಾರಣ ನಿಮ್ಮ ಹನ್ನೊಂದನೇ ಪುಟ.

1653ರ ಇಂಗ್ಲೆಂಡನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇದೆ. ರಾಜನ ತಲೆ ಉರುಳಿ ನಾಲ್ಕು ವರ್ಷ ಕಳೆದಿತ್ತು. ಏಪ್ರಿಲ್ 20ರಂದು ಸೇನಾನಾಯಕ ಕ್ರಾಮ್‌ವೆಲ್ ಬಂದೂಕಿನ ಸಿಪಾಯಿಗಳನ್ನು ಒಳಕರೆಸಿ ಸಂಸತ್ತನ್ನೇ ಹೊರದಬ್ಬಿದ. ಜುಲೈ 4ಕ್ಕೆ ಸೇರಿದ ಹೊಸ ಸಭೆಗೆ ಚುನಾವಣೆಯೇ ಇರಲಿಲ್ಲ. ಸೇನಾಧಿಕಾರಿಗಳು ಹೆಕ್ಕಿದ ದೈವಭಕ್ತರೇ ಸದಸ್ಯರು. ಡಿಸೆಂಬರ್ 16ಕ್ಕೆ ಕ್ರಾಮ್‌ವೆಲ್ ಲಾರ್ಡ್ ಪ್ರೊಟೆಕ್ಟರ್ ಎಂಬ ಹೆಸರಿನಲ್ಲಿ ದೇಶದ ಮುಖ್ಯಸ್ಥನಾಗಿ ಕೂತ.

ನೀವು ಹನ್ನೆರಡು ಪುಟಗಳಲ್ಲಿ ಏಳನ್ನು ಏಪ್ರಿಲ್ 20ಕ್ಕೇ ಕೊಟ್ಟಿದ್ದೀರಿ. ಅದರಲ್ಲಿ ಎರಡು ಪುಟ ಅವನ ಭಾಷಣ. ಆ ದಿನ ಅವನಾಡಿದ ಮಾತುಗಳನ್ನು ಯಾರೂ ಅಕ್ಷರಶಃ ಬರೆದಿಟ್ಟುಕೊಳ್ಳಲಿಲ್ಲ. ಅಂತರ್ಜಾಲದಲ್ಲಿ ಸುತ್ತುವ ಆ ಉದ್ದನೆಯ ಭಾಷಣ ಅಚ್ಚಾದದ್ದು ಶತಮಾನದ ಮೇಲೆ. ಸಿನಿಮಾ ಸಂಭಾಷಣೆಯಂತೆ ಚಪ್ಪಾಳೆ ಗಿಟ್ಟಿಸುತ್ತದೆ, ನಿಜ. ತೆಗೆದುಬಿಡಿ.

ಇನ್ನು ಜುಲೈನಿಂದ ಡಿಸೆಂಬರ್‌ವರೆಗೆ ನಡೆದ ಆ ಹೊಸ ಸಭೆಗೆ ನಿಮ್ಮಲ್ಲಿ ಒಂದೇ ಸಾಲು: ‘ಹುಚ್ಚರ ಸಂತೆ ಬೇಗ ಮುಗಿಯಿತು.’ ಇದು ಆ ಸಭೆಯ ವಿರೋಧಿಗಳು ಹಬ್ಬಿಸಿದ ಗೇಲಿ. ಪ್ರೈಸ್‌ಗಾಡ್ ಬೇರ್‌ಬೋನ್ ಎಂಬ ಚರ್ಮದ ವ್ಯಾಪಾರಿ ಅಲ್ಲಿ ಸದಸ್ಯನಾಗಿದ್ದ. ಇಡೀ ಸಭೆಗೆ ಅವನ ಹೆಸರನ್ನೇ ಅಂಟಿಸಿ ನಕ್ಕರು. ಹೆಚ್ಚಿನ ಸದಸ್ಯರು ಜಮೀನುದಾರರೇ. ಅವರು ವ್ಯಾಜ್ಯಗಳನ್ನು ವರ್ಷಗಟ್ಟಲೆ ಎಳೆಯುತ್ತಿದ್ದ ಚಾನ್ಸರಿ ನ್ಯಾಯಾಲಯವನ್ನು ಮುಚ್ಚಬೇಕೆಂದು ಮತ ಹಾಕಿದರು. ಪಾದ್ರಿಗಳಿಗೆ ಜನ ಕೊಡಬೇಕಿದ್ದ ಹತ್ತರಲ್ಲೊಂದು ಪಾಲಿನ (ದಶಮಾಂಶದ) ಪ್ರಶ್ನೆಗೂ ಕೈಹಾಕಿದರು. ಡಿಸೆಂಬರ್ 10ರಂದು ಪಾದ್ರಿಗಳ ಕುರಿತ ವರದಿಯೊಂದರ ಮೊದಲ ಅಂಶವೇ 56–54ರಲ್ಲಿ ಬಿದ್ದುಹೋಯಿತು. ಗಾಬರಿಬಿದ್ದ ಮಿತವಾದಿಗಳು 12ರ ಬೆಳಿಗ್ಗೆ ಬೇಗನೆ ಸೇರಿ, ಅಧಿಕಾರವನ್ನು ಕ್ರಾಮ್‌ವೆಲ್‌ಗೇ ಒಪ್ಪಿಸಿಬಿಟ್ಟರು. ಎದ್ದುಹೋಗದೆ ಕೂತವರನ್ನು ಸಿಪಾಯಿಗಳು ಎಬ್ಬಿಸಿದರು. ನಾಟಕ ಬೇಕಿದ್ದರೆ ಇಲ್ಲಿದೆಯಲ್ಲ!

ಈಗ ಹನ್ನೊಂದನೇ ಪುಟ. ನಿಮ್ಮ ರಾಬರ್ಟ್ ಕೂಡ ಚರ್ಮದ ವ್ಯಾಪಾರಿ (ಬೇರ್‌ಬೋನ್‌ನನ್ನು ಅವನ ಅಂಗಡಿಗೆ ಕರೆತರಲು ನಿಮಗೇಕೆ ಹೊಳೆಯಲಿಲ್ಲವೋ). ನವೆಂಬರಿನಲ್ಲಿ ಅವನ ಮಗಳ ಮದುವೆ ಚರ್ಚಿನಲ್ಲಿ, ಪಾದ್ರಿಯ ಕೈಯಿಂದ ನಡೆಯುತ್ತದೆ. ಆದರೆ ಆ ಸಭೆಯೇ ಮಾಡಿದ ಕಾನೂನಿನ ಪ್ರಕಾರ ಸೆಪ್ಟೆಂಬರ್ 29ರ ನಂತರ ಅಂಥ ಮದುವೆಗೆ ಮಾನ್ಯತೆ ಇಲ್ಲ. ವಧೂವರರ ಹೆಸರನ್ನು ಮೂರು ಭಾನುವಾರ ಚರ್ಚಿನಲ್ಲೋ, ಮೂರು ಸಂತೆಯ ದಿನ ಪೇಟೆಯಲ್ಲೋ ಕೂಗಿಸಬೇಕು. ಆಮೇಲೆ ಮ್ಯಾಜಿಸ್ಟ್ರೇಟರ ಎದುರು ಕೈಹಿಡಿದು ಒಪ್ಪಿಗೆ ಹೇಳಬೇಕು. ಸಾಲದೆಂದು ಗುಟ್ಟಾಗಿ ಪಾದ್ರಿಯನ್ನೂ ಕರೆಸಿದವರಿದ್ದರು. ಮಗಳ ಹೆಸರನ್ನು ಸಂತೆಯಲ್ಲಿ ಕೂಗಿಸಲು ತಾಯಿ ಒಪ್ಪಿದಳೇ? ಬೀಗರು ಏನಂದರು? ನಿಮ್ಮ ಕಥೆ ಇದು. ನೀವದನ್ನು ನಾಲ್ಕು ಸಾಲಿನಲ್ಲಿ ದಾಟಿಸಿಬಿಟ್ಟಿದ್ದೀರಿ.

ಚಿಲ್ಲರೆ ತಪ್ಪುಗಳೂ ಇವೆ. ರಾಬರ್ಟ್ ಚಹಾ ಕುಡಿಯುವಂತಿಲ್ಲ. ಲಂಡನ್ನಿನಲ್ಲಿ ಆಗಷ್ಟೇ ಕಾಫಿ ಅಂಗಡಿ ತೆರೆದಿತ್ತು, ಚಹಾ ಮಾರಾಟ ಶುರುವಾಗಲು ಇನ್ನೂ ಕೆಲವು ವರ್ಷ ಬೇಕಿತ್ತು. ಫೆಬ್ರುವರಿಯ ಪತ್ರಕ್ಕೆ ಅವನು 1653 ಎಂದು ಬರೆಯುವುದೂ ಸಲ್ಲದು. ಅವರಿಗೆ ಹೊಸ ವರ್ಷ ಮಾರ್ಚ್ 25ಕ್ಕೆ.

ಮದುವೆಯಿಂದಲೇ ಶುರುಮಾಡಿ ಮತ್ತೆ ಬರೆಯಿರಿ. ಕ್ರಾಮ್‌ವೆಲ್ ಪೇಟೆಯ ಗಾಳಿಮಾತಿನಲ್ಲಿ ಬಂದುಹೋದರೆ ಸಾಕು. ಎರಡೂವರೆ ಸಾವಿರ ಪದ ಮೀರದಿರಲಿ. ದಯವಿಟ್ಟು ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲದ ನುಡಿ ಫೈಲಿನಲ್ಲಿ ಒತ್ತಕ್ಷರಗಳೆಲ್ಲ ಕಲಸಿಹೋಗಿದ್ದವು.

– ಸಂಪಾದಕ