ಬ್ಯಾಚ್ ಫೈಲಿನಲ್ಲಿ ಇಡೀ ಪಾತ್ ಬೇಡ, ಈಗಿರುವ ಫೋಲ್ಡರಿನ ಹೆಸರಷ್ಟೇ ಬೇಕು: ಪಡೆಯುವುದು ಹೇಗೆ?

ವಿಂಡೋಸ್‌ನ ಬ್ಯಾಚ್ ಫೈಲಿನಲ್ಲಿ (ಒಂದಾದ ಮೇಲೊಂದು ಓಡಬೇಕಾದ ಆಜ್ಞೆಗಳನ್ನು ಬರೆದಿಟ್ಟ ಸ್ಕ್ರಿಪ್ಟ್ ಫೈಲು) %ಸಿಡಿ% ಎಂದು ಬರೆದರೆ ‘ಡಿ:\ಕಚೇರಿ\ಲೆಕ್ಕ\ಏಪ್ರಿಲ್’ ಎಂದು ಇಡೀ ಪಾತ್ ಬರುತ್ತದೆ, ತಮಗೆ ಬೇಕಾಗಿರುವುದು ಕೊನೆಯ ‘ಏಪ್ರಿಲ್’ ಮಾತ್ರ ಎಂದು ಕೇಳಿದ್ದೀರಿ. ಅದಕ್ಕೆ ಒಂದೇ ಸಾಲು ಸಾಕು. ಸ್ಕ್ರಿಪ್ಟಿನ ಸಾಲುಗಳನ್ನು ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ. ತಾವು ಟೈಪ್ ಮಾಡುವಾಗ ಆಜ್ಞೆಗಳು ಇಂಗ್ಲಿಷ್ ಅಕ್ಷರಗಳಲ್ಲಿರಬೇಕು, ಚಿಹ್ನೆಗಳು ಇದ್ದ ಹಾಗೆಯೇ ಇರಬೇಕು.

ಫಾರ್ %%ಐ ಇನ್ (.) ಡು ಸೆಟ್ "ಹೆಸರು=%%~ಎನ್ಎಕ್ಸ್ಐ"

ಆವರಣದೊಳಗಿನ ಒಂಟಿ ಚುಕ್ಕೆಯ ಅರ್ಥ ‘ಈಗ ನಿಂತಿರುವ ಫೋಲ್ಡರ್’. ಅಲೆಯ ಗುರುತು (~) ಕಂಡೊಡನೆ ಕಮಾಂಡ್ ಪ್ರಾಂಪ್ಟ್, ಎಂದರೆ ಆಜ್ಞೆಗಳನ್ನು ಓಡಿಸುವ ಕಪ್ಪು ಕಿಟಕಿ, ಆ ಚುಕ್ಕೆಯನ್ನು ಪೂರ್ತಿ ಪಾತ್ ಆಗಿ ಬಿಡಿಸಿಕೊಂಡು, ಅದರಿಂದ ‘ಎನ್’ ಎಂದು ಕೇಳಿದ್ದಕ್ಕೆ ಹೆಸರನ್ನೂ ‘ಎಕ್ಸ್’ ಎಂದು ಕೇಳಿದ್ದಕ್ಕೆ ಎಕ್ಸ್‌ಟೆನ್ಶನ್ ಭಾಗವನ್ನೂ (ಹೆಸರಿನ ಕೊನೆಯ ಚುಕ್ಕೆಯಿಂದ ಮುಂದಿನದು) ಕತ್ತರಿಸಿ ಕೊಡುತ್ತದೆ. ಎನ್, ಎಕ್ಸ್, ಐ ಮೂರನ್ನೂ ನಡುವೆ ಜಾಗ ಬಿಡದೆ ಬರೆಯಬೇಕು. ಐ ಎಂಬುದು ನಾವೇ ಇಟ್ಟ ಹೆಸರು. ಅದನ್ನು ದೊಡ್ಡ ಅಕ್ಷರದಲ್ಲಿ ಬರೆದರೆ ಎರಡೂ ಕಡೆ ದೊಡ್ಡದಾಗಿಯೇ ಇರಬೇಕು, ಏಕೆಂದರೆ ಫಾರ್ ಆಜ್ಞೆಯ ಈ ಗುರುತಿನಲ್ಲಿ ದೊಡ್ಡಕ್ಷರ ಬೇರೆ, ಸಣ್ಣಕ್ಷರ ಬೇರೆ. ಇದೇ ಸಾಲನ್ನು ಫೈಲಿನಲ್ಲಿ ಬರೆಯದೆ ನೇರವಾಗಿ ಕಪ್ಪು ಕಿಟಕಿಯಲ್ಲಿ ಟೈಪ್ ಮಾಡುವುದಾದರೆ ಜೋಡಿ ಶೇಕಡಾ ಚಿಹ್ನೆಯ ಬದಲು ಒಂದನ್ನೇ ಬಳಸಬೇಕು. ಹಾಗೆ ಮಾಡದಿದ್ದರೆ ‘ಅನಿರೀಕ್ಷಿತ’ ಎಂಬ ಅರ್ಥದ ದೋಷಸೂಚನೆಯೊಂದು ಬಂದು ಆಜ್ಞೆ ಅಲ್ಲಿಗೇ ನಿಂತುಬಿಡುತ್ತದೆ.

ಹಲವರು ‘ಎಕ್ಸ್’ ಬಿಟ್ಟು ‘ಎನ್’ ಒಂದನ್ನೇ ಬರೆಯುತ್ತಾರೆ, ಫೋಲ್ಡರಿಗೆಲ್ಲಿಯ ಎಕ್ಸ್‌ಟೆನ್ಶನ್ ಎಂಬುದು ಅವರ ವಾದ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ವರ್ಷಕ್ಕೊಂದರಂತೆ ‘ಲೆಕ್ಕ.2016’, ‘ಲೆಕ್ಕ.2017’, ‘ಲೆಕ್ಕ.2018’ ಎಂಬ ಫೋಲ್ಡರುಗಳಿದ್ದವು. ಪ್ರತಿಯೊಂದರೊಳಗೂ ಹೋಗಿ, ಅಲ್ಲಿರುವ ಫೈಲುಗಳ ಪಟ್ಟಿಯನ್ನು ಆಯಾ ಫೋಲ್ಡರಿನ ಹೆಸರಿನಲ್ಲೇ ಒಂದು ಟೆಕ್ಸ್ಟ್ ಫೈಲಾಗಿ ಬೇರೆಡೆ ಉಳಿಸುವ ಸ್ಕ್ರಿಪ್ಟ್ ಬರೆದೆ. ಅದು ಯಾವ ದೋಷವನ್ನೂ ತೋರಿಸದೆ ಸಲೀಸಾಗಿ ಓಡಿತು. ಸಂಜೆ ನೋಡಿದರೆ ಪಟ್ಟಿಗಳನ್ನು ಇಡಬೇಕಾದ ಜಾಗದಲ್ಲಿ ‘ಲೆಕ್ಕ’ ಎಂಬ ಒಂದೇ ಒಂದು ಫೈಲು ಕುಳಿತಿತ್ತು. ಚುಕ್ಕೆಯ ನಂತರದ್ದನ್ನೆಲ್ಲ ಎಕ್ಸ್‌ಟೆನ್ಶನ್ ಎಂದೇ ಎಣಿಸುವ ಕಮಾಂಡ್ ಪ್ರಾಂಪ್ಟ್ ವರ್ಷವನ್ನು ಕಳಚಿ ಹಾಕಿದ್ದರಿಂದ, ಒಂದರ ಮೇಲೊಂದು ಪಟ್ಟಿ ಬರೆಯಲ್ಪಟ್ಟು ಕೊನೆಯದೊಂದು ಮಾತ್ರ ಉಳಿದಿತ್ತು. ಪಟ್ಟಿಯಾದ್ದರಿಂದ ಮತ್ತೊಮ್ಮೆ ಮಾಡಿಕೊಂಡೆ, ಬ್ಯಾಕಪ್ ಆಗಿದ್ದರೆ ಗತಿ ಬೇರೆಯಾಗುತ್ತಿತ್ತು. ಫೋಲ್ಡರಿನ ಹೆಸರಿನಲ್ಲಿ ಚುಕ್ಕೆ ಇರಲಿ, ಇಲ್ಲದಿರಲಿ, ಎನ್ ಜೊತೆಗೆ ಎಕ್ಸ್ ಕೂಡ ಇರಲಿ ಎಂದು ಅಂದಿನಿಂದ ಎಲ್ಲರಿಗೂ ಹೇಳುತ್ತಿದ್ದೇನೆ.

ಈಗ ತಮ್ಮ ಪ್ರಶ್ನೆಯಲ್ಲೇ ಅಡಗಿರುವ ಇನ್ನೊಂದು ಪ್ರಶ್ನೆಗೆ ಬರುತ್ತೇನೆ, ನನ್ನ ದೃಷ್ಟಿಯಲ್ಲಿ ಅದೇ ಮುಖ್ಯವಾದದ್ದು. ‘ಈಗಿರುವ ಫೋಲ್ಡರ್’ ಎಂದರೆ ಆಜ್ಞೆ ನಿಂತಿರುವ ಫೋಲ್ಡರೋ, ಬ್ಯಾಚ್ ಫೈಲು ಇಟ್ಟಿರುವ ಫೋಲ್ಡರೋ? ಎಕ್ಸ್‌ಪ್ಲೋರರಿನಲ್ಲಿ ಫೈಲಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಓಡಿಸಿದಾಗ ಇವೆರಡೂ ಒಂದೇ ಆಗಿರುವುದರಿಂದ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಇಲ್ಲ. ಅದೇ ಫೈಲನ್ನು ‘ಅಡ್ಮಿನಿಸ್ಟ್ರೇಟರ್ ಆಗಿ ರನ್ ಮಾಡು’ ಎಂದು ತೆರೆದರೆ, ಅಥವಾ ‘ಸ್ಟಾರ್ಟ್ ಇನ್’ ಎಂಬ ಜಾಗವನ್ನು ಖಾಲಿ ಬಿಟ್ಟು, ನಿಗದಿತ ಸಮಯಕ್ಕೆ ಕೆಲಸ ಓಡಿಸುವ ಟಾಸ್ಕ್ ಶೆಡ್ಯೂಲರಿಗೆ ಒಪ್ಪಿಸಿದರೆ, %ಸಿಡಿ% ಕೊಡುವುದು ವಿಂಡೋಸ್‌ನ ಸ್ವಂತ ಫೈಲುಗಳಿರುವ ಸಿಸ್ಟಮ್32 ಫೋಲ್ಡರಿನ ಪಾತನ್ನು. ನಿಮ್ಮ ಸ್ಕ್ರಿಪ್ಟು ಹೆಸರನ್ನು ಓದುವುದರ ಜೊತೆಗೆ ಹಳೆಯ ಫೈಲುಗಳನ್ನು ಅಳಿಸುವ ಕೆಲಸವನ್ನೂ ಮಾಡುವಂಥದ್ದಾಗಿದ್ದರೆ, ಸಿಸ್ಟಮ್32ರಲ್ಲಿ ನಿಂತುಕೊಂಡು ಅದೂ ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ಅದು ಏನು ಮಾಡೀತು ಎಂಬುದನ್ನು ಊಹಿಸಿಕೊಳ್ಳಿ.

ಬ್ಯಾಚ್ ಫೈಲು ಇಟ್ಟಿರುವ ಫೋಲ್ಡರೇ ಬೇಕಾಗಿದ್ದರೆ %~ಡಿಪಿ0 ಬಳಸಬೇಕು. ಇಲ್ಲಿ ಸೊನ್ನೆ ಎಂದರೆ ಆ ಬ್ಯಾಚ್ ಫೈಲೇ, ಡಿ ಎಂದರೆ ಡ್ರೈವ್, ಪಿ ಎಂದರೆ ಪಾತ್. ಆದರೆ ಈ ಪಾತ್ ಯಾವಾಗಲೂ ಬ್ಯಾಕ್‌ಸ್ಲ್ಯಾಷ್‌ನಿಂದಲೇ ಮುಗಿಯುವುದರಿಂದ, ಅದನ್ನು ಹಾಗೆಯೇ ಫಾರ್ ಆಜ್ಞೆಗೆ ಕೊಟ್ಟರೆ ಬ್ಯಾಕ್‌ಸ್ಲ್ಯಾಷ್ ಆದ ಮೇಲೆ ಏನೂ ಇಲ್ಲವೆಂದು ಖಾಲಿ ಹೆಸರು ಬರುತ್ತದೆ. ತುದಿಗೊಂದು ಚುಕ್ಕೆ ಇಟ್ಟರೆ ಸರಿಹೋಗುತ್ತದೆ:

ಫಾರ್ %%ಐ ಇನ್ ("%~ಡಿಪಿ0.") ಡು ಸೆಟ್ "ಹೆಸರು=%%~ಎನ್ಎಕ್ಸ್ಐ"

ಒಂದು ಚುಕ್ಕೆಯ ಬದಲು ಎರಡು ಚುಕ್ಕೆ ಇಟ್ಟರೆ ಅದರ ಮೇಲಿನ ಫೋಲ್ಡರಿನ ಹೆಸರು ಸಿಗುತ್ತದೆ. ಡ್ರೈವಿನ ಬುಡದಲ್ಲೇ, ಅಂದರೆ ‘ಡಿ:\’ ಎಂಬಲ್ಲೇ ನಿಂತಿದ್ದರೆ ಫೋಲ್ಡರಿಗೆ ಹೆಸರೇ ಇಲ್ಲದಿರುವುದರಿಂದ ಉತ್ತರ ಖಾಲಿ. ಅದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

ಕಚೇರಿಯ ಸರ್ವರಿನಲ್ಲಿ ಹಂಚಿಕೊಂಡ ಫೋಲ್ಡರಿನಿಂದ, ಎಂದರೆ ಎರಡು ಬ್ಯಾಕ್‌ಸ್ಲ್ಯಾಷ್‌ಗಳಿಂದ ಶುರುವಾಗುವ ಪಾತಿನಿಂದ, ಓಡಿಸುವುದಾದರೆ ಮತ್ತೊಂದು ತೊಡಕಿದೆ. ಕಮಾಂಡ್ ಪ್ರಾಂಪ್ಟ್ ಅಂಥ ಜಾಗದಲ್ಲಿ ನಿಲ್ಲಲು ಒಪ್ಪದೆ ವಿಂಡೋಸ್ ಫೋಲ್ಡರಿಗೆ ಹೋಗಿಬಿಡುತ್ತದೆ. ಸ್ಕ್ರಿಪ್ಟಿನ ಆರಂಭದಲ್ಲಿ ‘ಪುಷ್‌ಡಿ "%~ಡಿಪಿ0"’ ಎಂದು ಬರೆದರೆ ಆ ಜಾಗಕ್ಕೆ ತಾತ್ಕಾಲಿಕವಾಗಿ ಒಂದು ಡ್ರೈವ್ ಅಕ್ಷರ ಸಿಗುತ್ತದೆ, ಕೊನೆಯಲ್ಲಿ ‘ಪಾಪ್‌ಡಿ’ ಎಂದರೆ ಅದು ಬಿಟ್ಟುಹೋಗುತ್ತದೆ.

ಯಾವ ಕಾರಣಕ್ಕೂ ‘ಸಿಡಿ’ ಎಂಬ ಹೆಸರಿನ ವೇರಿಯಬಲ್ಲಿಗೆ (ಬೆಲೆಯೊಂದನ್ನು ಹಿಡಿದಿಡುವ ಹೆಸರಿಗೆ) ನಾವೇ ಸೆಟ್ ಆಜ್ಞೆಯಿಂದ ಬೆಲೆ ಕೊಡಬಾರದು. %ಸಿಡಿ% ಎಲ್ಲಿಯೂ ಉಳಿಸಿಟ್ಟ ಬೆಲೆಯಲ್ಲ, ಕೇಳಿದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿ ಕೊಡುವಂಥದ್ದು. ನಾವು ಒಮ್ಮೆ ಬೆಲೆ ಕೊಟ್ಟೆವೆಂದರೆ, ಆಮೇಲೆ ಯಾವ ಫೋಲ್ಡರಿಗೆ ಹೋದರೂ ಅದು ಆ ಹಳೆಯ ಬೆಲೆಯನ್ನೇ ಹೇಳುತ್ತಿರುತ್ತದೆ.

ಮೇಲಿನ ಸಾಲುಗಳಲ್ಲಿ ಸೆಟ್ ಆದ ಮೇಲೆ ಹೆಸರು ಮತ್ತು ಬೆಲೆ ಎರಡನ್ನೂ ಸೇರಿಸಿ ಉದ್ಧರಣ ಚಿಹ್ನೆ ಹಾಕಿದ್ದನ್ನು ಗಮನಿಸಿರಬಹುದು. ಫೋಲ್ಡರಿನ ಹೆಸರು ‘ಶೆಟ್ಟಿ & ಸನ್ಸ್’ ಎಂದಿದ್ದರೆ, ಆ ಹೆಸರನ್ನು ಚಿಹ್ನೆಯಿಲ್ಲದೆ ಎಕೋ ಮಾಡಿದಾಗ (ಎಂದರೆ ತೆರೆಯ ಮೇಲೆ ತೋರಿಸಲು ಹೇಳಿದಾಗ) ಕಮಾಂಡ್ ಪ್ರಾಂಪ್ಟ್ ‘ಶೆಟ್ಟಿ’ ಎಂದು ಮುದ್ರಿಸಿ, ‘ಸನ್ಸ್’ ಎಂಬ ಆಜ್ಞೆ ತನಗೆ ಗೊತ್ತಿಲ್ಲ ಎಂದು ದೂರುತ್ತದೆ, ಏಕೆಂದರೆ ನಡುವಿನ ಆ ಗುರುತು ಅದರ ಪಾಲಿಗೆ ಎರಡು ಆಜ್ಞೆಗಳ ನಡುವಿನ ಗಡಿ. ಆದ್ದರಿಂದ ಹೆಸರನ್ನು ಉಳಿಸುವಾಗ ಮೇಲಿನ ಸಾಲುಗಳಂತೆಯೇ ಚಿಹ್ನೆ ಹಾಕಿ, ಬಳಸುವಾಗ "%ಹೆಸರು%" ಎಂದೇ ಬರೆಯಿರಿ.

ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದರೂ ಮೇಲಿನ ವಿಧಾನ ಕೆಲಸ ಮಾಡುತ್ತದೆ. ಹಳೆಯ ಕಪ್ಪು ಕಿಟಕಿಯಲ್ಲಿ ಅಕ್ಷರಗಳ ಜಾಗದಲ್ಲಿ ಚೌಕಗಳು ಕಂಡರೂ ಹೆಸರು ಒಳಗೆ ಸರಿಯಾಗಿಯೇ ಇರುತ್ತದೆ, ಅದನ್ನೇ ಬಳಸಿ ಹೊಸ ಫೋಲ್ಡರ್ ಮಾಡಿದರೆ ಎಕ್ಸ್‌ಪ್ಲೋರರಿನಲ್ಲಿ ಸ್ವಚ್ಛವಾದ ಕನ್ನಡ ಕಾಣುತ್ತದೆ. ಕೆಡುವುದು ಆ ಹೆಸರನ್ನು ಟೆಕ್ಸ್ಟ್ ಫೈಲಿಗೆ ಬರೆಯಿಸಿದಾಗ: ಕೋಡ್ ಪೇಜ್ (ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ) 437 ಅಥವಾ 850 ಆಗಿದ್ದರೆ ಕನ್ನಡದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿಬಿಡುತ್ತದೆ. ಬರೆಯಿಸುವ ಮುನ್ನ ‘ಸಿಎಚ್‌ಸಿಪಿ 65001’ ಎಂಬ ಸಾಲು ಸೇರಿಸಿದರೆ, ಎಲ್ಲ ಭಾಷೆಗಳ ಅಕ್ಷರಗಳನ್ನೂ ಬರೆಯಬಲ್ಲ ಯುಟಿಎಫ್-8ರಲ್ಲಿ ಸರಿಯಾಗಿ ಬರುತ್ತದೆ. ಸ್ಕ್ರಿಪ್ಟಿನೊಳಗೇ ಕನ್ನಡ ಪದಗಳಿದ್ದರೆ ಆ ಫೈಲನ್ನೂ ಯುಟಿಎಫ್-8ರಲ್ಲಿ ಉಳಿಸಬೇಕು, ಆದರೆ ನೋಟ್‌ಪ್ಯಾಡಿನಲ್ಲಿ ‘ಬಿಓಎಂ ಸಹಿತ’ ಎಂಬ ಆಯ್ಕೆ ಬೇಡ. ಅದನ್ನು ಆರಿಸಿದರೆ ಫೈಲಿನ ತಲೆಯಲ್ಲಿ ಕಣ್ಣಿಗೆ ಕಾಣದ ಮೂರು ಬೈಟುಗಳು ಸೇರಿಕೊಂಡು, ಮೊದಲ ಸಾಲಿನ ಎಕೋ ಆಫ್ ಆಜ್ಞೆಯೇ ಗುರುತು ಸಿಗದೆ ಬಿದ್ದುಹೋಗುತ್ತದೆ.